ಟಿಪ್ಪರ್, ಲಾರಿ ಓಡಾಡುವ ದಾರಿಯಲ್ಲಿ ನಡೆಯುವವರು, ಸೈಕಲ್‌ನವರು ಏನು ನೋಡಿಕೊಳ್ಳಬೇಕು?

ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಮಗ ಸೈಕಲ್‌ನಲ್ಲಿ ಹೈಸ್ಕೂಲಿಗೆ ಹೋಗುತ್ತಾನೆ. ದಾರಿಯುದ್ದಕ್ಕೂ ಜಲ್ಲಿ ಟಿಪ್ಪರ್‌ಗಳು. ಏನು ಹೇಳಿ ಕಳಿಸಲಿ?" ಕಬ್ಬು ಕಡಿಯುವ ಕಾಲ ಬಂದರೆ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯವರು ಇದನ್ನೇ ಕೇಳುತ್ತಾರೆ, ಟಿಪ್ಪರ್ ಇದ್ದ ಜಾಗದಲ್ಲಿ ಟ್ರ್ಯಾಕ್ಟರ್ ಇರುತ್ತದೆ ಅಷ್ಟೆ. "ನೋಡ್ಕೊಂಡು ಹೋಗು" ಅಂತ ಹೇಳಿ ಕಳಿಸುವುದು ನಮಗೆಲ್ಲ ರೂಢಿ. ಏನನ್ನು ನೋಡಬೇಕು ಅಂತ ಮಾತ್ರ ಮಗುವಿಗೆ ಯಾರೂ ಹೇಳಿರುವುದಿಲ್ಲ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ಕಾಲ್ನಡಿಗೆಯವರು, 4,836 ಮಂದಿ ಸೈಕಲ್‌ನವರು. ಇವರಿಗೆಲ್ಲ ಲಾರಿಯೇ ಗುದ್ದಿತು ಅಂತಲ್ಲ. ಆದರೆ ಲಾರಿಗೆ ಸಿಕ್ಕರೆ ಉಳಿಯುವುದು ಕಷ್ಟ. ಕಾರು ಗುದ್ದಿದಾಗ ಮನುಷ್ಯ ಬಾನೆಟ್ ಮೇಲೆ ಬೀಳುವುದುಂಟು. ಲಾರಿಯ ಮುಖ ಗೋಡೆಯ ಹಾಗೆ ನೆಟ್ಟಗೆ, ಅದರ ಹೊಟ್ಟೆ ನೆಲದಿಂದ ಎತ್ತರಕ್ಕೆ. ಬಿದ್ದವರು ನೇರ ಅಡಿಗೇ ಹೋಗುತ್ತಾರೆ. ಆಮೇಲೆ ಲಾರಿ ಎಷ್ಟು ನಿಧಾನಕ್ಕೆ ಬರುತ್ತಿತ್ತು ಅನ್ನುವುದರಿಂದ ಏನೂ ಆಗುವುದಿಲ್ಲ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಜೋರಾಗಿ ಬರುವ ಲಾರಿಗೆ ಎಲ್ಲರೂ ಹೆದರುತ್ತಾರೆ, ದೂರ ಸರಿಯುತ್ತಾರೆ. ಊರೊಳಗೆ ಜಾಸ್ತಿ ಭಯ ಪಡಬೇಕಾದದ್ದು ಮೂರು ಹೊತ್ತಿಗೆ: ನಿಂತ ಲಾರಿ ಹೊರಡುವಾಗ, ಎಡಕ್ಕೆ ತಿರುಗುವಾಗ, ರಿವರ್ಸ್ ಬರುವಾಗ. ಮೂರರಲ್ಲೂ ಲಾರಿ ನಿಧಾನವಾಗಿರುತ್ತದೆ. ನಿಧಾನ ಅಂತಲೇ ನಾವು ಹತ್ತಿರ ಹೋಗಿಬಿಡುತ್ತೇವೆ. ಡ್ರೈವರ್‌ಗೆ ನಾವು ಕಾಣದ ಜಾಗ ಇರುವುದೂ ಆ ಹತ್ತಿರದಲ್ಲೇ.

ಏನೇನು ಬೇಕು

ನಿಲ್ಲಿಸಿದ ಒಂದು ಲಾರಿ ಅಥವಾ ಟಿಪ್ಪರ್, ಅರ್ಧ ಗಂಟೆ ಬಿಡುವಿರುವ ಪರಿಚಯದ ಡ್ರೈವರ್. ಒಂದು ಸೇರು ರಂಗೋಲಿ ಪುಡಿ, ಒಂದು ಪ್ಲಾಸ್ಟಿಕ್ ಕೊಡ, ಅಳತೆ ಟೇಪು. ಸೈಕಲ್‌ಗೆ ರಿಫ್ಲೆಕ್ಟರ್ ಟೇಪು, ಹಿಂದಕ್ಕೊಂದು ಕೆಂಪು ದೀಪ. ರಿಫ್ಲೆಕ್ಟರ್ ಅಂದರೆ ದೀಪದ ಬೆಳಕು ಬಂದ ಕಡೆಗೇ ವಾಪಸ್ ಹೊಳೆಯುವ ಪಟ್ಟಿ. ಊರಿನ ಪರವಾಗಿ ಅರ್ಜಿ ಕೊಡುವವರಿಗೆ ಒಂದು ನೋಟ್‌ಬುಕ್ ಮತ್ತು ಫೋನ್ ಸಾಕು.

ಹಂತ 1: ಕಾಣದ ಜಾಗಕ್ಕೆ ರಂಗೋಲಿ ಎಳೆಯಿರಿ

ಡ್ರೈವರ್ ಸೀಟಿನಿಂದ ಕಣ್ಣಿಗೂ ಬೀಳದ, ಕನ್ನಡಿಯಲ್ಲೂ ಸಿಗದ ಜಾಗವನ್ನು ಬ್ಲೈಂಡ್ ಸ್ಪಾಟ್ ಅನ್ನುತ್ತಾರೆ. ಬಾಯಲ್ಲಿ ಎಷ್ಟು ಹೇಳಿದರೂ ಇದು ಮಕ್ಕಳ ತಲೆಗೆ ಹೋಗುವುದಿಲ್ಲ. ದೊಡ್ಡವರ ತಲೆಗೂ ಹೋಗುವುದಿಲ್ಲ. ತೋರಿಸಬೇಕು.

ಲಾರಿಯನ್ನು ಶಾಲೆಯ ಮೈದಾನದಲ್ಲೋ ಖಾಲಿ ಸೈಟಿನಲ್ಲೋ ನಿಲ್ಲಿಸಿ. ಇಂಜಿನ್ ಆಫ್ ಮಾಡಿ, ಕೀ ತೆಗೆದು ಕೈಯಲ್ಲಿ ಇಟ್ಟುಕೊಳ್ಳಿ, ಹ್ಯಾಂಡ್ ಬ್ರೇಕ್ ಹಾಕಿಸಿ, ಚಕ್ರಕ್ಕೆ ಕಲ್ಲು ಕೊಡಿ. ಡ್ರೈವರ್ ಸೀಟಿನಲ್ಲಿ ಒಬ್ಬರು ಕೂರಲಿ. ಇನ್ನೊಬ್ಬರು ಮಗುವಿನ ಎದೆಮಟ್ಟಕ್ಕೆ ಕೊಡ ಹಿಡಿದು, ಮುಂದಿನ ಬಂಪರ್‌ಗೆ ಒತ್ತಿಕೊಂಡು ನಿಲ್ಲಿ. ಒಂದೊಂದೇ ಹೆಜ್ಜೆ ಹಿಂದೆ ಬನ್ನಿ. ಕೊಡ ಕಂಡ ತಕ್ಷಣ ಸೀಟಿನಲ್ಲಿದ್ದವರು "ಕಂಡಿತು" ಅಂತ ಕೂಗಲಿ. ಆ ಜಾಗಕ್ಕೆ ರಂಗೋಲಿ ಚುಕ್ಕಿ ಇಡಿ. ಹೀಗೇ ಎಡ ಬಾಗಿಲ ಪಕ್ಕ, ಎಡ ಹಿಂದಿನ ಚಕ್ರದ ಪಕ್ಕ, ಹಿಂಬದಿ, ಬಲಬದಿ ಅಂತ ಸುತ್ತ ಬನ್ನಿ. ಕನ್ನಡಿಯಲ್ಲಿ ಕಂಡರೂ ಲೆಕ್ಕಕ್ಕೆ ಹಿಡಿಯಿರಿ. ಕೊನೆಗೆ ಚುಕ್ಕಿಗಳನ್ನು ಗೆರೆಯಿಂದ ಸೇರಿಸಿ.

ಗೆರೆಯ ಆಕಾರ ಲಾರಿಯಿಂದ ಲಾರಿಗೆ ಬದಲಾಗುತ್ತದೆ. ಆದರೂ ಒಂದು ಮಾತು ಎಲ್ಲ ಕಡೆ ನಿಜ. ನಮ್ಮಲ್ಲಿ ಡ್ರೈವರ್ ಬಲಕ್ಕೆ ಕೂರುತ್ತಾರೆ, ಹಾಗಾಗಿ ಎಡಬದಿಯ ಕಾಣದ ಜಾಗ ಬಲಬದಿಗಿಂತ ದೊಡ್ಡದು. ಕಾಲ್ನಡಿಗೆಯವರು, ಸೈಕಲ್‌ನವರು ಇರುವುದೂ ರಸ್ತೆಯ ಎಡಗಡೆಯಲ್ಲೇ ಅಲ್ವಾ? ಇನ್ನು ಲಾರಿಯ ಬೆನ್ನ ಹಿಂದೆ, ಬಾಡಿಯಷ್ಟೇ ಅಗಲದ ಜಾಗ ಪೂರ್ತಿ ಕತ್ತಲು.

ಈಗ ಮುಖ್ಯ ಕೆಲಸ. ಮಕ್ಕಳನ್ನು ಒಬ್ಬೊಬ್ಬರಾಗಿ ಹತ್ತಿಸಿ ಡ್ರೈವರ್ ಸೀಟಿನಲ್ಲಿ ಕೂರಿಸಿ. ಗೆಳೆಯರೆಲ್ಲ ಗೆರೆಯ ಒಳಗೆ ನಿಂತಿರಲಿ. "ಎಷ್ಟು ಜನ ಕಾಣ್ತಾರೆ?" ಅಂತ ಕೇಳಿ. ಇಡೀ ತರಗತಿ ಮಾಯವಾಗಿದ್ದನ್ನು ಕಣ್ಣಾರೆ ಕಂಡ ಮಗು ಅದನ್ನು ಮರೆಯುವುದಿಲ್ಲ. ಲಂಡನ್‌ನಲ್ಲಿ ಪೊಲೀಸರೇ ಸೈಕಲ್ ಸವಾರರನ್ನು ಹೀಗೆ ಲಾರಿ ಸೀಟಿನಲ್ಲಿ ಕೂರಿಸಿ ತೋರಿಸಿದ್ದಾರೆ. ನಮ್ಮ ಹೈಸ್ಕೂಲುಗಳಲ್ಲೂ ವರ್ಷಕ್ಕೊಂದು ಸಲ ಇದು ನಡೆಯಲೇಬೇಕು ಅನ್ನುವುದು ನನ್ನ ಆಸೆ. ಖರ್ಚು ಒಂದು ಸೇರು ರಂಗೋಲಿ ಪುಡಿ ಮಾತ್ರ.

ಎಚ್ಚರಿಕೆ: "ನನಗೆ ಲಾರಿ ಕಾಣುತ್ತೆ, ಅಂದಮೇಲೆ ಲಾರಿಯವನಿಗೂ ನಾನು ಕಾಣ್ತೀನಿ" ಅನ್ನುವುದು ಎಲ್ಲರೂ ಮಾಡುವ ತಪ್ಪು. ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣುತ್ತಿಲ್ಲ ಅಂದರೆ ನೀವು ಅವರಿಗೆ ಕಾಣುತ್ತಿಲ್ಲ ಅಂತಲೇ ತಿಳಿಯಿರಿ. ಮುಖ ಕಂಡರೂ ಅವರು ನಿಮ್ಮ ಕಡೆ ನೋಡುತ್ತಿದ್ದಾರೆ ಅಂತೇನಿಲ್ಲ.

ಹಂತ 2: ಎಡ ತಿರುವಿನ ಗುಟ್ಟು ತಿಳಿಯಿರಿ

ಮಳೆ ಬಂದ ಮರುದಿನ ಲಾರಿ ತಿರುಗುವ ಕೆಸರು ಮೂಲೆಗೆ ಮಗುವನ್ನು ಕರೆದುಕೊಂಡು ಹೋಗಿ. ಚಕ್ರದ ಗುರುತು ನೋಡಿ. ಮುಂದಿನ ಚಕ್ರ ಹೋದ ಹಾದಿಯಲ್ಲಿ ಹಿಂದಿನ ಚಕ್ರ ಹೋಗಿರುವುದಿಲ್ಲ. ಅದು ಮೂಲೆಯನ್ನು ಕತ್ತರಿಸಿಕೊಂಡು ಒಳಗೆ ಬಂದಿರುತ್ತದೆ. ಇದಕ್ಕೆ ಆಫ್‌ಟ್ರ್ಯಾಕಿಂಗ್ ಅನ್ನುತ್ತಾರೆ. ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ 5 ಮೀಟರ್ ಇರುವ ಲಾರಿ 10 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ ಹಿಂದಿನ ಚಕ್ರ ಸುಮಾರು 1.3 ಮೀಟರ್ ಒಳಗೆ ಬರುತ್ತದೆ. ಅಂದರೆ ನಾಲ್ಕು ಅಡಿಗೂ ಜಾಸ್ತಿ. ಸೈಕಲ್ ನಿಲ್ಲಿಸಿಕೊಂಡು ನಿಂತ ಹುಡುಗನ ಜಾಗ ಪೂರ್ತಿ ಅದರಲ್ಲಿ ಹೋಯಿತು. ಟ್ರೇಲರ್ ಎಳೆಯುವ ಗಾಡಿಯಲ್ಲಿ ಇದು ಇನ್ನೂ ಜಾಸ್ತಿ.

ಇದು ಡ್ರೈವರ್‌ಗಳಿಗೆ ಗೊತ್ತು. ಅದಕ್ಕೇ ಎಡಕ್ಕೆ ತಿರುಗುವ ಮೊದಲು ಲಾರಿಯನ್ನು ಬಲಕ್ಕೆ ಎಳೆದು ಜಾಗ ಮಾಡಿಕೊಳ್ಳುತ್ತಾರೆ. ಆಗ ಎಡಗಡೆ ಒಂದು ಖಾಲಿ ಜಾಗ ತೆರೆದುಕೊಳ್ಳುತ್ತದೆ. "ಲಾರಿ ಬಲಕ್ಕೆ ಹೋಯ್ತು, ದಾರಿ ಬಿಡ್ತು" ಅಂದುಕೊಂಡು ಸೈಕಲ್, ಸ್ಕೂಟರ್ ಅಲ್ಲಿ ನುಗ್ಗುತ್ತವೆ. ಅರೆಕ್ಷಣದಲ್ಲಿ ಹಿಂದಿನ ಚಕ್ರ ಅದೇ ಜಾಗಕ್ಕೆ ಬರುತ್ತದೆ.

ಹಾಗಾಗಿ ನಿಯಮ ಒಂದೇ. ಸಿಗ್ನಲ್‌ನಲ್ಲಾಗಲಿ, ಮೂಲೆಯಲ್ಲಾಗಲಿ, ಲಾರಿಯ ಎಡಗಡೆ ಮುಂದೆ ಹೋಗಬೇಡಿ. ಅದರ ಹಿಂದೆ ಒಂದು ಕಾರಿನಷ್ಟು ಜಾಗ ಬಿಟ್ಟು ನಿಲ್ಲಿ. ನೀವು ಮೊದಲೇ ನಿಂತಿದ್ದು ಲಾರಿ ಆಮೇಲೆ ಬಂದು ಪಕ್ಕ ನಿಂತರೆ, ಸೈಕಲ್‌ನಿಂದ ಇಳಿದು ಫುಟ್‌ಪಾತ್ ಹತ್ತಿ. ಶಾಲೆಗೆ ಎರಡು ನಿಮಿಷ ತಡ ಆಗಲಿ. ಕಾಲ್ನಡಿಗೆಯವರು ಮೂಲೆಯ ಅಂಚಿಗೆ ನಿಲ್ಲದೆ ಎರಡು ದೊಡ್ಡ ಹೆಜ್ಜೆ ಹಿಂದೆ ನಿಲ್ಲಿ, ಯಾಕೆಂದರೆ ಹಿಂದಿನ ಚಕ್ರ ಫುಟ್‌ಪಾತ್ ಅಂಚನ್ನೂ ಹತ್ತುತ್ತದೆ.

ಎಚ್ಚರಿಕೆ: ಇಂಡಿಕೇಟರ್ ನಂಬಬೇಡಿ. ಕೆಸರು ಮೆತ್ತಿರುತ್ತದೆ, ಬಲ್ಬ್ ಹೋಗಿರುತ್ತದೆ, ಕಬ್ಬಿನ ಟ್ರೇಲರ್‌ಗಳಲ್ಲಿ ಎಷ್ಟೋ ಸಲ ಇರುವುದೇ ಇಲ್ಲ. ಮುಂದಿನ ಚಕ್ರ ಯಾವ ಕಡೆ ತಿರುಗಿದೆ ನೋಡಿ. ಅದು ಸುಳ್ಳು ಹೇಳುವುದಿಲ್ಲ.

ಹಂತ 3: ದಾಟುವಾಗ, ರಸ್ತೆ ಬದಿ ನಡೆಯುವಾಗ

ನಿಂತ ಲಾರಿಯ ಮುಂದೆ ಒತ್ತಿಕೊಂಡು ದಾಟಬೇಡಿ. ಮಗು ದಾಟುತ್ತಿರುವುದು ಡ್ರೈವರ್‌ಗೆ ಕಾಣುವುದೇ ಇಲ್ಲ. ಬೇರೆ ದಾರಿ ಇಲ್ಲ ಅಂದರೆ ಕನಿಷ್ಠ ಐದಾರು ದೊಡ್ಡ ಹೆಜ್ಜೆ ಮುಂದೆ ಹೋಗಿ, ಡ್ರೈವರ್ ಕಡೆ ಕೈ ಎತ್ತಿ, ಅವರು ತಲೆ ಆಡಿಸಿದ ಮೇಲೆ ದಾಟಿ. ಎರಡು ಲಾರಿಗಳ ಸಂದಿಯಲ್ಲಿ ನುಸುಳುವುದಂತೂ ಬೇಡವೇ ಬೇಡ.

ಬರುತ್ತಿರುವ ಲಾರಿ ನಿಲ್ಲಲು ಎಷ್ಟು ದೂರ ಬೇಕು ಅನ್ನುವುದನ್ನೂ ತಿಳಿದಿರಿ. ಗಂಟೆಗೆ 40 ಕಿ.ಮೀ. ಅಂದರೆ ಒಂದು ಸೆಕೆಂಡಿಗೆ 11 ಮೀಟರ್. ಡ್ರೈವರ್ ನೋಡಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ 11 ಮೀಟರ್ ಮುಗಿದಿರುತ್ತದೆ. ಗಾಳಿಯ ಒತ್ತಡದಲ್ಲಿ ಕೆಲಸ ಮಾಡುವ ಏರ್ ಬ್ರೇಕ್ ಹಿಡಿಯಲು ಇನ್ನಷ್ಟು ಹೊತ್ತು. ತುಂಬಿದ ಟಿಪ್ಪರ್ ಆಗಿದ್ದರೆ ಆಮೇಲೂ ಉರುಳುತ್ತದೆ.

ಫುಟ್‌ಪಾತ್ ಇಲ್ಲದ ಹಳ್ಳಿ ರಸ್ತೆಯಲ್ಲಿ ಬಲಗಡೆ ನಡೆಯಿರಿ. ಎದುರಿನಿಂದ ಬರುವ ಗಾಡಿ ಕಣ್ಣಿಗೆ ಬೀಳುತ್ತದೆ, ಪಕ್ಕಕ್ಕೆ ಸರಿಯಬಹುದು. ಎಡಗಡೆ ನಡೆದರೆ ಲಾರಿ ಬೆನ್ನ ಹಿಂದಿನಿಂದ ಬರುತ್ತದೆ. ಸಾಲಾಗಿ ನಡೆಯಿರಿ. ರಾತ್ರಿ ಟಾರ್ಚ್ ಇರಲಿ, ತಿಳಿ ಬಣ್ಣದ ಬಟ್ಟೆ ಇರಲಿ.

ಹಂತ 4: ಸೈಕಲ್ ಸಿದ್ಧ ಮಾಡಿ

2006-07ರಿಂದ ಹಲವು ವರ್ಷ ನಮ್ಮ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಟ್ಟಿತು. ಅಣ್ಣನಿಂದ ತಮ್ಮನಿಗೆ ಬಂದ ಆ ಸೈಕಲ್‌ಗಳು ಇನ್ನೂ ಓಡುತ್ತಿವೆ. ರಿಫ್ಲೆಕ್ಟರ್ ಯಾವತ್ತೋ ಬಿದ್ದುಹೋಗಿರುತ್ತದೆ, ಹಿಂದಿನ ಬ್ರೇಕ್ ಹಿಡಿಯುವುದಿಲ್ಲ. ಇವತ್ತೇ ನೋಡಿ. ಹಿಂದಿನ ಮಡ್‌ಗಾರ್ಡ್‌ಗೆ ಕೆಂಪು ಟೇಪು, ಪೆಡಲ್‌ಗೆ ಹಳದಿ ಟೇಪು ಅಂಟಿಸಿ. ಪೆಡಲ್ ಮೇಲೆ ಕೆಳಗೆ ಆಡುವುದರಿಂದ ದೂರದಿಂದಲೇ "ಇದು ಸೈಕಲ್" ಅಂತ ಗೊತ್ತಾಗುತ್ತದೆ. ಶಾಲೆ ಬ್ಯಾಗಿಗೂ ಒಂದು ಪಟ್ಟಿ ಹೊಲಿಸಿ. ಎರಡೂ ಬ್ರೇಕ್ ಒದ್ದೆ ರಸ್ತೆಯಲ್ಲಿ ಹಿಡಿಯಬೇಕು.

ಲಾರಿ ಹಿಂದಿಕ್ಕಿ ಹೋಗುವಾಗ ಗಾಳಿ ಮೊದಲು ಹೊರಕ್ಕೆ ತಳ್ಳುತ್ತದೆ, ಆಮೇಲೆ ಒಳಕ್ಕೆ ಎಳೆಯುತ್ತದೆ. ಹ್ಯಾಂಡಲ್ ಎರಡೂ ಕೈಯಲ್ಲಿ ಬಿಗಿಯಾಗಿರಲಿ. ಡಾಂಬರಿನ ಅಂಚಿಗೆ ಅಂಟಿಕೊಂಡು ತುಳಿಯಬೇಡಿ, ಒಂದೆರಡು ಅಡಿ ಬಿಟ್ಟು ತುಳಿಯಿರಿ. ಅಂಚಿನ ಹಳ್ಳಕ್ಕೆ ಚಕ್ರ ಜಾರಿದರೆ ಬೀಳುವುದು ಲಾರಿ ಕಡೆಗೇ.

ಮಕ್ಕಳಿಗೆ ಎರಡು ಮಾತು ಖಡಾಖಂಡಿತವಾಗಿ ಹೇಳಿ. ಲಾರಿಯ ಸರಪಳಿಯನ್ನೋ ಟ್ರೇಲರ್ ಅಂಚನ್ನೋ ಹಿಡಿದು ಸೈಕಲ್ ಎಳೆಸಿಕೊಳ್ಳಬಾರದು. ಓಡುವ ಟ್ರ್ಯಾಕ್ಟರ್‌ನಿಂದ ಕಬ್ಬು ಎಳೆಯಬಾರದು. ನಾವೂ ಸಣ್ಣವರಿದ್ದಾಗ ಎಳೆದಿದ್ದೇವೆ ಅಂತ ಸುಮ್ನೆ ಬಿಡಬೇಡಿ. ಈಗ ಒಂದು ಇಂಜಿನ್‌ಗೆ ಎರಡೆರಡು ಟ್ರೇಲರ್ ಕಟ್ಟುತ್ತಾರೆ. ಮೊದಲನೆಯದರ ಪಕ್ಕ ಎಡವಿದರೆ ಎರಡನೆಯದರ ಚಕ್ರ ಬರುತ್ತಿರುತ್ತದೆ.

ಹಂತ 5: ಮನೆ ಕಟ್ಟಿಸುವವರು ರಿವರ್ಸ್‌ಗೆ ಆಳು ನಿಲ್ಲಿಸಿ

ಮರಳು, ಜಲ್ಲಿ ತರಿಸುವವರು ಇದನ್ನು ಓದಲೇಬೇಕು. ಟಿಪ್ಪರ್ ನಿಮ್ಮ ಕೆಲಸಕ್ಕೇ ಬರುತ್ತಿದೆ. ಅದು ರಿವರ್ಸ್ ಬರುವ ಬೀದಿಯಲ್ಲಿ ಆಡುತ್ತಿರುವುದು ಅಕ್ಕಪಕ್ಕದ ಮಕ್ಕಳು.

ಹಿಂದೆ ಪ್ರತಿ ಲಾರಿಯಲ್ಲೂ ಕ್ಲೀನರ್ ಇರುತ್ತಿದ್ದ. ಇಳಿದು ಹಿಂದೆ ನಿಂತು, ಬಾಡಿ ತಟ್ಟಿ "ಬರ್ಲಿ ಬರ್ಲಿ" ಅನ್ನುತ್ತಿದ್ದ. ಎಡಗಡೆಯ ಕಣ್ಣು ಅವನೇ. ಈಗ ಎಷ್ಟೋ ಟಿಪ್ಪರ್‌ಗಳಲ್ಲಿ ಡ್ರೈವರ್ ಒಬ್ಬರೇ. ಆ ಕೆಲಸವನ್ನು ನಿಮ್ಮ ಕಡೆಯವರು ಮಾಡಬೇಕು. ಲೋಡ್ ಹೇಳುವಾಗಲೇ ಶಾಲೆ ಬಿಡುವ ಹೊತ್ತು ಬೇಡ ಅಂತ ಹೇಳಿ. ಟಿಪ್ಪರ್ ಬಂದಾಗ ಮೊದಲು ಮಕ್ಕಳನ್ನು ಮನೆಯೊಳಗೆ ಕಳಿಸಿ, ಎಣಿಸಿ. ಒಬ್ಬರೇ ಕೈಸನ್ನೆ ಮಾಡಲಿ. ನಾಲ್ಕು ಜನ ನಾಲ್ಕು ಥರ ಕೂಗಿದರೆ ಡ್ರೈವರ್‌ಗೆ ಗೊಂದಲ. ಸನ್ನೆ ಮಾಡುವವರು ಬಲಗನ್ನಡಿಯಲ್ಲಿ ಕಾಣುವ ಕಡೆ, ಗಾಡಿಯ ಪಕ್ಕಕ್ಕೆ ದೂರ ನಿಲ್ಲಲಿ. ಗೋಡೆಗೂ ಗಾಡಿಗೂ ನಡುವೆ ಯಾವತ್ತೂ ನಿಲ್ಲಬಾರದು. ಡ್ರೈವರ್ ಜೊತೆ ಮೊದಲೇ ಮಾತಾಡಿಕೊಳ್ಳಿ: ಸನ್ನೆ ಮಾಡುವವರು ಕನ್ನಡಿಯಿಂದ ಮರೆಯಾದರೆ ಆ ಕ್ಷಣವೇ ನಿಲ್ಲಿಸಬೇಕು.

ರಿವರ್ಸ್ ಹಾರ್ನ್ ಕೇಳಿ ಮಕ್ಕಳು ಓಡಿಹೋಗುತ್ತಾರೆ ಅಂದುಕೊಳ್ಳಬೇಡಿ. ಆ ಪೀಪೀ ಸದ್ದಿಗೆ ಓಡಿ ಬರುವ ಮಕ್ಕಳೇ ಜಾಸ್ತಿ.

ಹಂತ 6: ಲಾರಿ ಮಾಲೀಕರು, ಡ್ರೈವರ್‌ಗಳು ಮಾಡಬೇಕಾದದ್ದು

ಎಲ್ಲ ಭಾರವನ್ನೂ ಮಗುವಿನ ತಲೆ ಮೇಲೆ ಹಾಕುವುದು ನ್ಯಾಯವಲ್ಲ. ಗಾಡಿಯಲ್ಲೇ ಸರಿಮಾಡಬೇಕಾದ್ದು ತುಂಬಾ ಇದೆ.

ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಅಡ್ಡಪಟ್ಟಿ ಹಾಕಿರುವುದನ್ನು ನೋಡಿರುತ್ತೀರಿ. ಅದು ಸೈಡ್ ಗಾರ್ಡ್. ಬಿದ್ದವರು ಲಾರಿಯ ಹೊಟ್ಟೆಯ ಕೆಳಗೆ ಹೋಗದಂತೆ ಪಕ್ಕಕ್ಕೆ ತಳ್ಳುತ್ತದೆ. ಬಹುತೇಕ ಭಾರಿ ಸರಕು ಗಾಡಿಗಳಿಗೆ ಇದು ನಮ್ಮ ದೇಶದಲ್ಲಿ ಕಡ್ಡಾಯ, ಇದಕ್ಕೆ ಐಎಸ್ 14682 ಅನ್ನುವ ಮಾನದಂಡವೂ ಇದೆ. ಬಾಗಿದರೆ ಬಿಚ್ಚಿ ಗ್ಯಾರೇಜಿನ ಮೂಲೆಗೆ ಎಸೆಯುವುದು ನಮ್ಮ ಅಭ್ಯಾಸ. ದಯವಿಟ್ಟು ಮತ್ತೆ ಹಾಕಿಸಿ.

ಎಡ ಬಾಗಿಲ ಮೇಲೆ ಕೆಳಮುಖದ ಕನ್ನಡಿ, ಮುಂದೆ ಬಂಪರ್ ತೋರಿಸುವ ಉಬ್ಬು ಕನ್ನಡಿ ಹಾಕಿಸಿ. ಹಂತ 1ರ ರಂಗೋಲಿ ಆಟವನ್ನು ಕನ್ನಡಿ ಹಾಕಿಸುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ಮಾಡಿ, ಗೆರೆ ಎಷ್ಟು ಒಳಗೆ ಬಂತು ನೋಡಿ. ಮುಂದಿನ ಗಾಜಿನ ಕೆಳಭಾಗದ ಸ್ಟಿಕ್ಕರ್, ಎಡ ಕಿಟಕಿಯ ಪರದೆ ತೆಗೆಯಿರಿ. ದೇವರ ಫೋಟೋ, ಹಾರ ಗಾಜಿನ ಮೇಲ್ಭಾಗಕ್ಕೆ ಹೋಗಲಿ. ಮಗು ಕಾಣುವ ಜಾಗ ಖಾಲಿ ಇರಲಿ.

ರಿಫ್ಲೆಕ್ಟರ್ ಪಟ್ಟಿ ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಕ್ಕೆ ಹಳದಿ. ವಾರಕ್ಕೊಮ್ಮೆ ಒರೆಸಿ. ಡಂಪರ್, ಟ್ಯಾಂಕರ್‌ಗಳ ವೇಗ ಗಂಟೆಗೆ 60 ಕಿ.ಮೀ. ದಾಟದಂತೆ ಸ್ಪೀಡ್ ಗವರ್ನರ್ ಇರಬೇಕು ಅಂತ ಕಾನೂನಿದೆ. ಅದನ್ನು ಬಿಚ್ಚಿಸಬೇಡಿ. ಟ್ರಿಪ್ ಲೆಕ್ಕದಲ್ಲಿ ಸಂಬಳ ಕೊಟ್ಟರೆ ಡ್ರೈವರ್ ಓಡಿಸಲೇಬೇಕಾಗುತ್ತದೆ. ಇದರಲ್ಲಿ ಡ್ರೈವರ್‌ಗಿಂತ ಮಾಲೀಕರದೇ ಜಾಸ್ತಿ ಹೊಣೆ ಅಂತ ನಾನು ನಂಬುತ್ತೇನೆ.

ಕೆಟ್ಟು ನಿಂತ ಲಾರಿಯ ಸುತ್ತ ಕಲ್ಲು, ಸೊಪ್ಪು ಇಟ್ಟರೆ ಹೊರಡುವಾಗ ತೆಗೆಯಿರಿ. ರಾತ್ರಿ ಆ ಕಲ್ಲಿಗೆ ಬೀಳುವುದು ಸೈಕಲ್, ಬೈಕ್‌ನವರು.

ಹಂತ 7: ಶಾಲೆ ಹೊತ್ತಿನಲ್ಲಿ ಟಿಪ್ಪರ್ ನಿಲ್ಲಿಸಲು ಅರ್ಜಿ ಕೊಡಿ

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 115 ನೆನಪಿಟ್ಟುಕೊಳ್ಳಿ. ಜನರ ಸುರಕ್ಷತೆಗಾಗಿ ಒಂದು ರಸ್ತೆಯಲ್ಲಿ ಭಾರಿ ಗಾಡಿಗಳನ್ನು ಪೂರ್ತಿಯಾಗಿ ಅಥವಾ ಕೆಲವು ಹೊತ್ತು ತಡೆಯುವ ಅಧಿಕಾರ ಅದರಲ್ಲಿದೆ. ನಮ್ಮ ರಾಜ್ಯದಲ್ಲಿ ಜಿಲ್ಲಾಧಿಕಾರಿಗಳು ಇದನ್ನು ಬಳಸುತ್ತಾರೆ, ಪೊಲೀಸ್ ಕಮಿಷನರ್ ಇರುವ ನಗರಗಳಲ್ಲಿ ಕಮಿಷನರ್. ಘಾಟಿಯಲ್ಲಿ ಗುಡ್ಡ ಕುಸಿದಾಗ ಲಾರಿ ನಿಲ್ಲಿಸುವ ಆದೇಶ ಬರುತ್ತದಲ್ಲ, ಅದು ಇದೇ ಸೆಕ್ಷನ್‌ನಲ್ಲಿ. ಗುಡ್ಡಕ್ಕೆ ಆಗುವುದಾದರೆ ಶಾಲೆಗೂ ಆಗಬೇಕು.

ಅರ್ಜಿಗೆ ಮೊದಲು ಲೆಕ್ಕ ಮಾಡಿ. ಒಂದು ವಾರ, ಬೆಳಿಗ್ಗೆ 8ರಿಂದ 10, ಸಂಜೆ 3ರಿಂದ 5. ಎಷ್ಟು ಟಿಪ್ಪರ್ ಹೋದವು, ಎಷ್ಟು ಮಕ್ಕಳು ನಡೆದರು, ಎಷ್ಟು ಮಕ್ಕಳು ಸೈಕಲ್‌ನಲ್ಲಿ ಹೋದರು ಅಂತ ಬರೆಯಿರಿ. ರಸ್ತೆ ಅಗಲ ಅಳೆಯಿರಿ. ಫುಟ್‌ಪಾತ್ ಇಲ್ಲದ ಕಡೆ, ತಿರುವು ಕಾಣದ ಕಡೆ ಫೋಟೋ ತೆಗೆಯಿರಿ. ಬದಲಿ ದಾರಿ ಇದ್ದರೆ ನಕ್ಷೆಯಲ್ಲಿ ತೋರಿಸಿ. "ಟಿಪ್ಪರ್ ಹಾವಳಿ ತಡೆಯಿರಿ" ಅಂತ ಬರೆದರೆ ಕಡತದಲ್ಲಿ ಕೂರುತ್ತದೆ. "ಇಂಥ ಕಡೆಯಿಂದ ಇಂಥ ಕಡೆವರೆಗೆ, ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ, ಸೆಕ್ಷನ್ 115ರಡಿ ನಿರ್ಬಂಧ" ಅಂತ ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ. ಶಾಲಾಭಿವೃದ್ಧಿ ಸಮಿತಿಯ ನಿರ್ಣಯ, ಗ್ರಾಮ ಪಂಚಾಯಿತಿಯ ನಿರ್ಣಯ ಜೊತೆಗಿರಲಿ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಒಂದು ಪ್ರತಿ ಕೊಡಿ, ಅದರ ಅಧ್ಯಕ್ಷರೂ ಜಿಲ್ಲಾಧಿಕಾರಿಯೇ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಎಚ್ಚರಿಕೆ: ಟಿಪ್ಪರ್‌ಗಳನ್ನು ನೀವೇ ಅಡ್ಡಗಟ್ಟಿ ಡ್ರೈವರ್ ಮೇಲೆ ಕೈ ಮಾಡಬೇಡಿ. ಕೇಸು ನಿಮ್ಮ ಮೇಲಾಗುತ್ತದೆ, ಟಿಪ್ಪರ್ ಮರುದಿನವೂ ಓಡುತ್ತದೆ.

ಹಂತ 8: ಅಪಘಾತ ಆಗಿಬಿಟ್ಟರೆ

ಮೊದಲು ಲಾರಿ ಅಲುಗದಂತೆ ನೋಡಿ. ಗಾಬರಿಯಲ್ಲಿ ಡ್ರೈವರ್ ಹಿಂದೆ ಮುಂದೆ ತೆಗೆದರೆ ಇನ್ನೊಮ್ಮೆ ಹತ್ತಿದಂತಾಗುತ್ತದೆ. ಇಂಜಿನ್ ಆಫ್, ಚಕ್ರಕ್ಕೆ ಕಲ್ಲು. 112 ಅಥವಾ 108ಕ್ಕೆ ಫೋನ್ ಮಾಡಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ, ಕೈ ತೆಗೆಯಬೇಡಿ. ಸಿಕ್ಕಿಕೊಂಡವರನ್ನು ಎಳೆಯಬೇಡಿ, ನೀರು ಕುಡಿಸಬೇಡಿ.

ಪೊಲೀಸ್, ಕೋರ್ಟ್ ಅಂತ ಹೆದರಿ ದೂರ ನಿಲ್ಲಬೇಡಿ. ಕಾಯ್ದೆಯ ಸೆಕ್ಷನ್ 134ಎ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. ನಿಮ್ಮ ಹೆಸರು, ವಿಳಾಸ ಕೊಡಲೇಬೇಕು ಅಂತ ಬಲವಂತ ಮಾಡುವಂತಿಲ್ಲ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆ ಇದೆ. ಆಸ್ಪತ್ರೆಯಲ್ಲಿ "ರಸ್ತೆ ಅಪಘಾತದ ಕ್ಯಾಶ್‌ಲೆಸ್ ಚಿಕಿತ್ಸೆ ಯೋಜನೆ" ಅಂತ ಹೇಳಿ ಕೇಳಿ.

ಲಾರಿ ನಂಬರ್ ಪ್ಲೇಟ್, ಚಕ್ರ ನಿಂತ ಜಾಗ, ಕನ್ನಡಿ, ಸೈಡ್ ಗಾರ್ಡ್ ಇದೆಯೋ ಇಲ್ಲವೋ, ಎಲ್ಲದರ ಫೋಟೋ ತೆಗೆದಿಡಿ. ಪರಿಹಾರಕ್ಕೆ ಮೋಟಾರು ಅಪಘಾತ ನ್ಯಾಯಮಂಡಳಿಗೆ 6 ತಿಂಗಳೊಳಗೆ ಅರ್ಜಿ ಹಾಕಿ. ದುಃಖದಲ್ಲಿ ದಿನ ಹೋಗಿದ್ದೇ ಗೊತ್ತಾಗುವುದಿಲ್ಲ, ಹಾಗಾಗಿ ನೆಂಟರಲ್ಲಿ ಒಬ್ಬರು ಈ ಕೆಲಸ ವಹಿಸಿಕೊಳ್ಳಲಿ. ಗುದ್ದಿದ ಗಾಡಿ ಯಾವುದು ಅಂತ ಪತ್ತೆಯೇ ಆಗದಿದ್ದರೂ ಪರಿಹಾರ ಇದೆ: 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50,000 ರೂಪಾಯಿ. ಇದಕ್ಕೆ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಎಫ್‌ಐಆರ್ ಪ್ರತಿ, ಆಸ್ಪತ್ರೆಯ ದಾಖಲೆ, ಬ್ಯಾಂಕ್ ಪಾಸ್‌ಬುಕ್ ಜೊತೆಗೆ ತೆಗೆದುಕೊಂಡು ಹೋಗಿ.